ನೆಲದಡಿಯ ತೈಲ, ನೆರೆಮನೆಯ ನೀರು

(ಅವಲಪಲ್ಲಿಯಲ್ಲಿ ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಲ್ಲಿ ನುಡಿಯ ವಿಚಾರವನ್ನು ಎತ್ತುವುದು ರೂಢಿ. ಈ ದಿನ ನಾವು ನೀರಿನ ವಿಚಾರವನ್ನು ಎತ್ತಿಕೊಂಡಿದ್ದೇವೆ. ನುಡಿಯನ್ನಾಡುವ ಮಕ್ಕಳು ಆರೋಗ್ಯದಿಂದಿದ್ದರೆ ತಾನೆ ನುಡಿ ಉಳಿಯುವುದು?

ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡಿನ ಬಾಧೆಯುಂಟೆಂಬುದನ್ನು ತಾವೆಲ್ಲರೂ ಬಲ್ಲಿರಿ. ಅದರ ನಿವಾರಣೆಗೆಂದೇ ಹೊಗೇನಕಲ್ ಕುಡಿಯುವ ನೀರಿನ ಯೋಜನೆ 2013ರಲ್ಲಿ ಕಾರ್ಯಾರಂಭ ಮಾಡಿತು. ಫ್ಲೋರೈಡ್ ಬಂಡೆಯಿಂದ ಬಂದದ್ದು. ನಾವು ಹೇಳಹೊರಟಿರುವುದಾದರೋ ಮನುಷ್ಯನು ತಾನೇ ಹೂತಿಟ್ಟ ವಸ್ತುವಿನ ವಿಷಯ. ಬೆಂಗಳೂರು–ಕೃಷ್ಣಗಿರಿ ಹೆದ್ದಾರಿ ಹೊಸೂರನ್ನು ಹಾದುಹೋಗುತ್ತದೆ. ವಾಹನಗಳಿಗೆ ಬೇಕಾದ ಪೆಟ್ರೋಲು, ಡೀಸೆಲುಗಳನ್ನು ಬಂಕುಗಳಲ್ಲಿ ನೆಲದಡಿಯ ತೊಟ್ಟಿಗಳಲ್ಲಿ ಶೇಖರಿಸಿಡುತ್ತಾರೆ. ಕಣ್ಣಿಗೆ ಕಾಣದ ಆ ತೊಟ್ಟಿ ಸೋರಿದರೆ ಏನಾದೀತು, ಅದನ್ನು ಕಂಡುಹಿಡಿಯುವ ಬಗೆ ಹೇಗೆ ಎಂಬುದೇ ಇಂದಿನ ವಿಷಯ. ನಮ್ಮೂರಿನಲ್ಲಿ ಇಂಥ ಸೋರಿಕೆಯಾಗಿದೆಯೆಂದು ನಾವು ಹೇಳುತ್ತಿಲ್ಲ. ಆಗುವ ಮುನ್ನವೇ ತಿಳಿದಿರಬೇಕೆಂದು ಹೇಳುತ್ತಿದ್ದೇವೆ.

ಉಕ್ಕಿನ ತೊಟ್ಟಿಯೂ ಕೊಳವೆಯೂ ಮಣ್ಣಿನ ತೇವದಲ್ಲಿ ವರ್ಷಗಟ್ಟಲೆ ಇದ್ದರೆ ತುಕ್ಕು ಹಿಡಿಯುತ್ತವೆ; ಕೀಲುಗಳು ಸಡಿಲಗೊಳ್ಳುತ್ತವೆ. ಸೆಕೆಂಡಿಗೆ ಒಂದೇ ಹನಿ ಸೋರಿದರೂ ದಿನಕ್ಕೆ ಸುಮಾರು 4 ಲೀಟರ್, ವರ್ಷಕ್ಕೆ ಸುಮಾರು 1,500 ಲೀಟರ್ ಆಗುತ್ತದೆ. ತೈಲವು ನೀರಿಗಿಂತ ಹಗುರ. ಆದುದರಿಂದ ಅದು ಮಣ್ಣಿನಲ್ಲಿ ಇಳಿದು ಅಂತರ್ಜಲದ ಮೇಲೆ ತೇಲುತ್ತದೆ. ಅದರೊಳಗಿನ ಬೆಂಜೀನ್ ಮೊದಲಾದವು ನೀರಿನಲ್ಲಿ ಕರಗಿ ಹರಿವಿನೊಡನೆ ಸಾಗುತ್ತವೆ. ಬೆಂಜೀನ್ ಅರ್ಬುದರೋಗಕ್ಕೆ ಕಾರಣವಾಗುವ ವಸ್ತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 10 ಮೈಕ್ರೋಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಿದೆ. ನಮ್ಮ ದೇಶದ ಪೆಟ್ರೋಲಿನಲ್ಲಿ ಬೆಂಜೀನ್ ನೂರಕ್ಕೆ ಒಂದು ಪಾಲಿನವರೆಗೆ ಇರಬಹುದು. ಲೆಕ್ಕ ಹಾಕಿ ನೋಡಿರಿ: ಅಂಥ ಒಂದು ಲೀಟರ್ ಪೆಟ್ರೋಲಿನ ಬೆಂಜೀನೆಲ್ಲ ಕರಗಿದರೆ ಸುಮಾರು 8 ಲಕ್ಷ ಲೀಟರ್ ನೀರು ಆ ಮಿತಿಯನ್ನು ಮುಟ್ಟುತ್ತದೆ!

ಇದು ಬರಿಯ ಊಹೆಯಲ್ಲ. ಅಮೆರಿಕದಲ್ಲಿ ನೆಲದಡಿಯ ತೊಟ್ಟಿಗಳಿಗಾಗಿಯೇ 1984ರಲ್ಲಿ ಶಾಸನ ಮಾಡಬೇಕಾಯಿತು. ಅಲ್ಲಿಂದೀಚೆಗೆ 5 ಲಕ್ಷಕ್ಕೂ ಹೆಚ್ಚು ಸೋರಿಕೆಗಳು ಅಲ್ಲಿ ದೃಢಪಟ್ಟಿವೆ. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ರಾಜ್ಯದ ರಾಜಧಾನಿಯಾದ ಚೆನ್ನೈನ ತಂಡಿಯಾರ್‌ಪೇಟೆಯಲ್ಲಿ 2013ರಲ್ಲಿ ಮನೆಗಳ ಕೊಳವೆಬಾವಿಗಳಲ್ಲಿ ತೈಲ ಕಾಣಿಸಿಕೊಂಡಿತು. ಅಲ್ಲಿ ಸೋರಿದ್ದು ತೊಟ್ಟಿಯಲ್ಲ, ನೆಲದಡಿಯ ತೈಲಕೊಳವೆ. ಆದರೂ ಪಾಠ ಒಂದೇ: ಸೋರಿಕೆಯ ಸುದ್ದಿಯನ್ನು ಹೊರಗೆಡಹಿದ್ದು ಮನೆಯವರ ಬಾವಿಯೇ. ಮುಂದೆ ವಿಷಯ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೆ ಹೋಯಿತು.

ಇನ್ನು ತನಿಖೆಯ ಕ್ರಮ. ಮೊದಲನೆಯದು ತೊಟ್ಟಿಯ ಲೆಕ್ಕ: ತುಂಬಿದ್ದೆಷ್ಟು, ಮಾರಿದ್ದೆಷ್ಟು, ಅಳತೆಗೋಲಿನಲ್ಲಿ ಉಳಿದಿರುವುದೆಷ್ಟು ಎಂದು ತಾಳೆ ನೋಡುವುದು; ಅನುಮಾನ ಬಂದರೆ ತೊಟ್ಟಿಯನ್ನೂ ಕೊಳವೆಯನ್ನೂ ಒತ್ತಡದ ಪರೀಕ್ಷೆಗೆ ಒಳಪಡಿಸುವುದು. ಎರಡನೆಯದು ಹರಿವಿನ ದಿಕ್ಕು: ಮೂರು ಬಾವಿಗಳ ನೀರಿನ ಮಟ್ಟವನ್ನು ಒಂದೇ ದಿನ, ಒಂದೇ ಆಧಾರರೇಖೆಯಿಂದ ಅಳೆದರೆ ನೀರು ಯಾವ ಕಡೆಗೆ ವಾಲುತ್ತದೆಂಬುದು ತೋರಿಬರುತ್ತದೆ. ಆದರೆ ನಮ್ಮದು ಗಟ್ಟಿಬಂಡೆಯ ಸೀಮೆ. ನೀರು ಬಂಡೆಯ ಬಿರುಕುಗಳನ್ನು ಹಿಡಿದು ಹರಿಯುತ್ತದೆ. ಹತ್ತಿರದ ಬಾವಿ ಶುದ್ಧವಾಗಿದ್ದು ದೂರದ ಬಾವಿ ಕೆಡುವುದೂ ಉಂಟು. ಆದುದರಿಂದ ಬಾವಿಗಳು ಹೆಚ್ಚಿದಷ್ಟೂ ಸತ್ಯ ಸ್ಪಷ್ಟವಾಗುತ್ತದೆ. ಮೂರನೆಯದು ನೀರಿನ ಪರೀಕ್ಷೆ: ಗಾಜಿನ ಸೀಸೆಯಲ್ಲಿ ಗಾಳಿಗುಳ್ಳೆ ಉಳಿಯದಂತೆ ತುಂಬಿ, ತಂಪಾಗಿರಿಸಿ, ಪ್ರಯೋಗಶಾಲೆಗೆ ತಲುಪಿಸಬೇಕು. ಗಡಸುತನ, ಫ್ಲೋರೈಡುಗಳ ಸಾಮಾನ್ಯ ಪರೀಕ್ಷೆಯಲ್ಲಿ ಬೆಂಜೀನ್ ಗೋಚರಿಸದು. ಅದನ್ನು ಹೆಸರಿಟ್ಟು ಕೇಳತಕ್ಕದ್ದು.

ತಾಯಂದಿರಲ್ಲಿ ವಿಶೇಷವಾಗಿ ಒಂದು ವಿಜ್ಞಾಪನೆ. ನೀರಿನಲ್ಲಿ ಪೆಟ್ರೋಲಿನ ವಾಸನೆ ಬಂದರೆ ಅದನ್ನು ಕುಡಿಯಕೂಡದು, ಕಾಯಿಸಲೂಕೂಡದು. ಕಾಯಿಸಿದರೆ ರೋಗಾಣುಗಳು ಸಾಯುವುದು ನಿಜ. ಆದರೆ ಬೆಂಜೀನ್ ಆವಿಯಾಗಿ ಅಡಿಗೆಮನೆಯನ್ನೇ ತುಂಬುತ್ತದೆ, ಬೆಂಕಿಯ ಭಯವೂ ಉಂಟು. ವಾಸನೆಯಿಲ್ಲವೆಂದ ಮಾತ್ರಕ್ಕೆ ನೀರು ಶುದ್ಧವೆಂದೂ ಅಲ್ಲ; ಮೂಗಿಗೆ ತಿಳಿಯುವ ಪ್ರಮಾಣಕ್ಕಿಂತ ಬಹು ಕಡಿಮೆಯಲ್ಲಿಯೇ ಮಿತಿ ಮೀರಿರಬಹುದು.

ಇಲ್ಲಿ ನಮ್ಮ ಮನಸ್ಸಿನ ಪರೀಕ್ಷೆಯೂ ಆಗಬೇಕಾಗಿದೆ. ಬಾವಿ ಕೆಟ್ಟಿತೆಂದರೆ ನಿವೇಶನದ ಬೆಲೆ ಬಿದ್ದೀತು, ಬಾಡಿಗೆಗೆ ಜನ ಬಾರದೆ ಹೋದಾರು ಎಂಬ ಭಯದಿಂದ ಮುಚ್ಚಿಡುವವರುಂಟು. ಹಾಗೆ ಮುಚ್ಚಿಟ್ಟ ಬಾವಿಯ ಪಕ್ಕದಲ್ಲಿ ನೆರೆಮನೆಯ ಮಗು ಅದೇ ನೀರನ್ನು ಕುಡಿಯುತ್ತಿರುತ್ತದೆ. ಮತ್ತೊಂದು ಕಡೆ, ಅಳತೆಯಿಲ್ಲದೆ ಯಾರೋ ಒಬ್ಬ ವ್ಯಾಪಾರಿಯನ್ನು ದೂಷಿಸುವುದೂ ಧರ್ಮವಲ್ಲ. ಕುಡಿಯುವುದನ್ನು ನಿಲ್ಲಿಸಲು ಅನುಮಾನ ಸಾಕು. ಅಪವಾದ ಹೊರಿಸಲು ಪ್ರಮಾಣ ಬೇಕು.

ಆದುದರಿಂದ ಸಂಘವು ಈ ವರ್ಷ ಒಂದು ಬಾವಿ ದಫ್ತರವನ್ನು ಆರಂಭಿಸಲೆಂದು ಸೂಚಿಸುತ್ತೇವೆ. ಪ್ರತಿಯೊಂದು ಬಾವಿಯ ಆಳ, ನೀರಿನ ಮಟ್ಟ, ಬಣ್ಣ, ವಾಸನೆಗಳನ್ನು ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಕನ್ನಡ ಶಾಲೆಯ ಮಕ್ಕಳು ಹಿರಿಯರ ಸಮ್ಮುಖದಲ್ಲಿ ಬರೆದಿಡಲಿ. ಪ್ರಯೋಗಶಾಲೆಯ ವರದಿ ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಬಂದರೆ ಅದರ ಸಾರವನ್ನು ಕನ್ನಡದಲ್ಲಿ ಬರೆದು ಎಲ್ಲರಿಗೂ ಓದಿ ಹೇಳೋಣ. ಅನುಮಾನ ತೋರಿದ ದಿನ ಆ ದಫ್ತರವನ್ನು ಹಿಡಿದುಕೊಂಡು ಹೊಸೂರಿನಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಎಲ್ಲ ಭಾಷೆಯ ನೆರೆಹೊರೆಯವರೂ ಒಟ್ಟಾಗಿ ಹೋಗೋಣ. ಹಿಂದಿನ ನೀರು ಹೇಗಿತ್ತೆಂಬ ಬರಹವಿಲ್ಲದೆ ಇಂದಿನ ನೀರು ಕೆಟ್ಟಿದೆಯೆಂದು ಸಾಧಿಸುವುದು ಕಷ್ಟ.