ಏರಿಯ ಮೇಲಿನ ಪಾಠ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತು)



ದೇವದುರ್ಗ ತಾಲ್ಲೂಕಿನ ಈ ಶಾಲೆಗೆ ಬರುವಾಗ ನನ್ನ ಪಾಟಿಚೀಲದಲ್ಲಿ ಪುಸ್ತಕದ ಜೊತೆ ಕವಣೆಯೂ ಇರುತ್ತಿತ್ತು. ಒಮ್ಮೆ ಊರ ಕೆರೆಯ ಜಾಲಿಗಿಡದಲ್ಲಿದ್ದ ಕೊಕ್ಕರೆಗೆ ಕಲ್ಲು ಬೀಸಿದೆ. ತಾಯಿ ಹಾರಿತು, ಗೂಡಿನ ಮರಿ ನೀರಿಗೆ ಬಿತ್ತು. ಇದನ್ನು ಇಂದಿನವರೆಗೆ ಯಾರಿಗೂ ಹೇಳಿರಲಿಲ್ಲ.

ಈಗ ನಾನು ಮಾನ್ವಿ ಕಡೆ ಶಿಕ್ಷಕ. ಕಳೆದ ಚಳಿಗಾಲ ಮಕ್ಕಳನ್ನು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಕರೆದೊಯ್ದೆ. ಅದೂ ನೀರಾವರಿಗೆಂದು ಜನರೇ ಕಟ್ಟಿದ ಕೆರೆ. ಸುಮಾರು 244 ಎಕರೆ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, 2024ರಲ್ಲಿ ರಾಮ್ಸರ್ ತಾಣವಾಯಿತು. ಏರಿಯ ಮೇಲೆ ಸದ್ದು ಮಾಡದೆ ನಡೆದೆವು. ನೀರೊಳಗೆ ನಿಂತ ಜಾಲಿಗಿಡಗಳ ತುಂಬ ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು.

"ಸರ್, ಹಕ್ಕಿಗೆ ಮುಳ್ಳಿನ ಗಿಡಾನ ಯಾಕ ಬೇಕ್ರಿ?" ಎಂದ ಒಬ್ಬ ಹುಡುಗ. ಕೆಳಗೆ ನೀರು, ಸುತ್ತ ಮುಳ್ಳು ಇದ್ದರೆ ನಾಯಿ, ಬೆಕ್ಕು ಗೂಡಿನ ಹತ್ತಿರ ಸುಳಿಯುವುದಿಲ್ಲ. ಹಿಕ್ಕೆ ಬಿದ್ದ ಹೂಳು ಹೊಲಕ್ಕೂ ಗೊಬ್ಬರ ಎಂದೆ. "ಹಂಗಾದ್ರ ನಮ್ಮೂರ ಕೆರ್ಯಾಗ ಯಾಕ ಇಲ್ರೀ?" ಎಂದಳು ಮತ್ತೊಬ್ಬಳು. ಬಿದ್ದ ಮರಿ ಕಣ್ಣ ಮುಂದೆ ಬಂತು. ಉತ್ತರ ಹೊರಡಲಿಲ್ಲ.

ಹಿರಿಯರಲ್ಲಿ ನನ್ನದೊಂದೇ ಬೇಡಿಕೆ. ನಮ್ಮ ಕೆರೆಯ ಹೂಳು ತೆಗೆಸುವಾಗ ನಡುವಿನ ಜಾಲಿಗಿಡಗಳನ್ನು ಕಡಿಸಬೇಡಿರಿ. ಗೂಡು ಕಟ್ಟುವ ಕಾಲದಲ್ಲಿ ಅತ್ತ ಪಟಾಕಿ ಹೊಡೆಯಬೇಡಿರಿ. ಪ್ರತಿ ವರ್ಷ ಒಂದು ದಿನ ನಾನು ಬಂದು ಈ ಶಾಲೆಯ ಮಕ್ಕಳನ್ನು ಏರಿಯ ಮೇಲೆ ನಡೆಸುತ್ತೇನೆ. ಹಳೆಯ ಸಾಲ ಅಷ್ಟಾದರೂ ತೀರಲಿ.