ಜಗಳ ಬೇಡವೆಂದ ಡ್ರ್ಯಾಗನ್



ಡ್ರ್ಯಾಗನ್ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಬೆಂಕಿ ಉಗುಳುವ ಬಾಯಿ, ಬಾವಲಿಯಂಥ ರೆಕ್ಕೆ, ಊರನ್ನೇ ಸುಟ್ಟುಬಿಡುವ ಕೋಪ. ಅದನ್ನು ಕೊಲ್ಲಲು ಕುದುರೆಯೇರಿ ಬರುವ ಒಬ್ಬ ವೀರ. ಯುರೋಪಿನ ಕಥೆಗಳು ಶತಮಾನಗಳ ಕಾಲ ಹೇಳಿದ್ದು ಇದನ್ನೇ. ಇಂದು ನಾನು ನಿಮಗೆ ಪರಿಚಯಿಸುವ ಡ್ರ್ಯಾಗನ್ ಬೇರೆ ಸ್ವಭಾವದ್ದು. ಅದಕ್ಕೆ ಜಗಳವೆಂದರೆ ಆಗದು.

ಇದರ ಸೃಷ್ಟಿಕರ್ತ ಕೆನೆತ್ ಗ್ರೇಹಮ್. ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಅಧಿಕಾರಿಯಾಗಿದ್ದ ಈತ 1898ರಲ್ಲಿ ಪ್ರಕಟಿಸಿದ 'ಡ್ರೀಮ್ ಡೇಸ್' ಸಂಕಲನದಲ್ಲಿ 'ದಿ ರಿಲಕ್ಟೆಂಟ್ ಡ್ರ್ಯಾಗನ್' ಎಂಬ ಕಥೆಯಿದೆ. 1941ರಲ್ಲಿ ವಾಲ್ಟ್ ಡಿಸ್ನಿ ಸಂಸ್ಥೆ ಇದೇ ಹೆಸರಿನ ಚಲನಚಿತ್ರವನ್ನೂ ತಂದಿತು.

ಇಂಗ್ಲೆಂಡಿನ ಹುಲ್ಲುಗುಡ್ಡವೊಂದರ ಗುಹೆಯಲ್ಲಿ ಈ ಡ್ರ್ಯಾಗನ್ ನೆಲೆಸಿದೆ. ದೇಹ ದೊಡ್ಡದು, ಮೈಮೇಲೆ ನೀಲಿ ಹುರುಪೆ. ಅದರ ದಿನಚರಿಯೋ? ಬಂಡೆಗೆ ಒರಗಿ ಕೂರುವುದು, ಯೋಚಿಸುವುದು, ತೂಕಡಿಸುವುದು, ಕವಿತೆ ಕಟ್ಟುವುದು. ಅದರ ಬಳಗದ ಇತರ ಡ್ರ್ಯಾಗನ್‌ಗಳೆಲ್ಲ ವೀರರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದವು. ಇದು ಮಾತ್ರ ಸುಮ್ಮನಿರುತ್ತಿತ್ತು.

ಕುರುಬನೊಬ್ಬ ಇದನ್ನು ಕಂಡು ಹೆದರಿ ಮನೆಗೆ ಓಡಿ ಬರುತ್ತಾನೆ. ಅವನ ಮಗ ಪ್ರಾಣಿಶಾಸ್ತ್ರದ ಪುಸ್ತಕಗಳನ್ನೂ ಕಟ್ಟುಕಥೆಗಳನ್ನೂ ಸಮನಾಗಿ ಓದಿದ ಹುಡುಗ. ಅವನು ಓಡಲಿಲ್ಲ. ಗುಹೆಯ ಬಳಿಗೆ ಹೋದ, ಕುಳಿತ, ಮಾತನಾಡಿಸಿದ. ಆಗ ಅವನಿಗೆ ಒಂದು ಸಂಗತಿ ತಿಳಿಯಿತು: ಡ್ರ್ಯಾಗನ್‌ಗೆ ಜನ ಬೇಡವಾಗಿರಲಿಲ್ಲ. ತನ್ನ ಕವಿತೆ ಕೇಳುವವರೊಬ್ಬರಿಗಾಗಿ ಅದು ಕಾದಿತ್ತು. ಸಂಕೋಚವೇ ಬೇರೆ, ಜನದ್ವೇಷವೇ ಬೇರೆ. ಇವೆರಡನ್ನೂ ನಾವು ಎಷ್ಟು ಸುಲಭವಾಗಿ ಒಂದೇ ಎಂದುಬಿಡುತ್ತೇವೆ!

ಹಳ್ಳಿಯವರು ಗುಹೆಗೆ ಹೋಗಿ ವಿಚಾರಿಸಲಿಲ್ಲ. ಯಾರಿಗೂ ಕೂದಲು ಕೊಂಕದಿದ್ದರೂ ಡ್ರ್ಯಾಗನ್ನಿನ ಅಪರಾಧಗಳ ದೊಡ್ಡ ಪಟ್ಟಿಯೇ ಸಿದ್ಧವಾಯಿತು. ಸಂತ ಜಾರ್ಜ್ ಎಂಬ ವೀರ ಬಂದಾಗ ಅವನ ಕಿವಿಗೆ ಬಿದ್ದದ್ದೂ ಅದೇ. ಯಾರು ಗೆಲ್ಲುತ್ತಾರೆಂದು ಪಂದ್ಯ ಕಟ್ಟುವುದೂ ನಡೆಯಿತು. ಅವರಿಗೆ ಬೇಕಾಗಿದ್ದುದು ನ್ಯಾಯವಲ್ಲ, ಒಂದು ಕಾದಾಟ.

ದೃಶ್ಯಮಾಧ್ಯಮದಲ್ಲಿ ದುಡಿಯುವ ನನಗೆ ಈ ಹಳ್ಳಿಯವರು ಚೆನ್ನಾಗಿ ಗೊತ್ತು. ಬೆಂಕಿ ಉಗುಳುವವರ ಕಡೆಗೆ ಕ್ಯಾಮೆರಾ ತಾನಾಗಿ ತಿರುಗುತ್ತದೆ. ಸುಮ್ಮನೆ ಕುಳಿತವರ ಕಡೆಗೆ ನಾವೇ ತಿರುಗಿಸಬೇಕು. ಕಥೆಯಲ್ಲಿ ಆ ಕೆಲಸ ಮಾಡಿದವನು ಹುಡುಗ. ವೀರನನ್ನು ಗುಹೆಗೆ ಕರೆದೊಯ್ದು ಇಬ್ಬರನ್ನೂ ಮುಖಾಮುಖಿ ಕೂರಿಸಿದ. ನೋವಾಗದ ಒಂದು ಹುಸಿಯುದ್ಧ ಗೊತ್ತಾಯಿತು. ಮೂರನೆಯ ಸುತ್ತಿನಲ್ಲಿ ಡ್ರ್ಯಾಗನ್ ಬಿದ್ದಿತು. ಕಂಡಕಂಡ ಕಾದಾಟಕ್ಕೆ ಆಸೆಪಡಬಾರದೆಂದು ವೀರನೇ ಜನರಿಗೆ ಬುದ್ಧಿ ಹೇಳಿದ. ಬಳಿಕ ಔತಣ. ಅಲ್ಲಿ ಎಲ್ಲರಿಗಿಂತ ಖುಷಿಯಾಗಿದ್ದವರಲ್ಲಿ ನಮ್ಮ ಡ್ರ್ಯಾಗನ್ನೂ ಒಂದು!

ಇದು ಕಲ್ಪನೆಯ ಮಾತಾಯಿತು. ಡ್ರ್ಯಾಗನ್ನಿನ ಹೆಸರು ಹೊತ್ತ ನಿಜವಾದ ಜೀವಿಯೂ ಇದೆ. ಅದೂ ನಾಚಿಕೆಯದೇ. ಹಾರುವ ಓತಿಗಳ ಕುಲಕ್ಕೆ ವಿಜ್ಞಾನದಲ್ಲಿ 'ಡ್ರಾಕೊ' ಎಂದು ಹೆಸರು. ಎಂದರೆ ಲ್ಯಾಟಿನ್ನಿನಲ್ಲಿ ಡ್ರ್ಯಾಗನ್. 1758ರಲ್ಲಿ ಲಿನೇಯಸ್ ಈ ಹೆಸರು ಬಳಸಿದ. ಇದರ ಒಂದು ಪ್ರಭೇದ ನಮ್ಮ ಪಶ್ಚಿಮಘಟ್ಟದ ಕಾಡಿನಲ್ಲೂ ಅಡಿಕೆ ತೋಟಗಳಲ್ಲೂ ಇದೆ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೋ' ಓದಿದವರಿಗೆ ಹಾರುವ ಓತಿ ಹೊಸದೇನಲ್ಲ. ಇದು ಬೆಂಕಿ ಉಗುಳದು, ಇರುವೆ ತಿಂದು ಬದುಕುತ್ತದೆ. ನೀಳವಾದ ಪಕ್ಕೆಲುಬುಗಳು ಹೊತ್ತ ಚರ್ಮದ ಪದರವನ್ನು ಕೊಡೆಯಂತೆ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ. ಪದರ ಮಡಚಿ ಕುಳಿತರೆ ತೊಗಟೆಯ ಬಣ್ಣದಲ್ಲಿ ಬೆರೆತುಹೋಗುತ್ತದೆ. ಗದ್ದಲ ಮಾಡುತ್ತ ಹೋದವರಿಗೆ ಅದು ಕಾಣುವುದಿಲ್ಲ. ತಾಳ್ಮೆಯಿಂದ ನೋಡುತ್ತ ನಿಂತವರಿಗೆ ಕಂಡೀತು.

ಮಿತ್ರರೇ, ನಿಮ್ಮ ತರಗತಿಯ ಕೊನೆಯ ಬೆಂಚಿನಲ್ಲೂ ಮಾತನಾಡದ ಒಬ್ಬರು ಇರಬಹುದು. 'ಅವನಿಗೆ ಜಂಭ', 'ಅವಳು ಯಾರೊಂದಿಗೂ ಸೇರುವುದಿಲ್ಲ' ಎಂಬ ಪಟ್ಟಿ ಆಗಲೇ ಸಿದ್ಧವಾಗಿರಲೂಬಹುದು. ಕೇಳಿದ್ದನ್ನು ನಂಬುವ ಮೊದಲು ಹೋಗಿ ನೋಡುವುದು ವಿಜ್ಞಾನದ ಮೊದಲ ಪಾಠ. ಸ್ನೇಹಕ್ಕೂ ಅದೇ ಮೊದಲ ಪಾಠ. ನಾಳೆ ಆ ಬೆಂಚಿನವರೆಗೆ ಹೋಗಿ, ಪಕ್ಕದಲ್ಲಿ ಕುಳಿತು ನೋಡಿ. ಅಲ್ಲೊಂದು ಕವಿತೆ ನಿಮಗಾಗಿ ಕಾದಿರಬಹುದು.