ಮೊಬೈಲ್ ತರಗತಿ ಮತ್ತು ನಮ್ಮ ಮಕ್ಕಳ ಅಕ್ಷರ



ಆನ್‌ಲೈನ್ ಶಿಕ್ಷಣದ ಬಗ್ಗೆ ಮಾತನಾಡಬೇಕೆಂದು ನನಗೆ ಸೂಚಿಸಲಾಗಿದೆ. ನಾನು ಕಂಪ್ಯೂಟರ್ ತಜ್ಞೆಯಲ್ಲ. ಬಿ.ಎಡ್. ಮುಗಿಸಿ ಅಳ್ನಾವರದಲ್ಲಿ ಉರ್ದು ಮತ್ತು ಕನ್ನಡ ಕಲಿಸುತ್ತಿರುವ ಶಿಕ್ಷಕಿ. ಕಣ್ಣಾರೆ ಕಂಡದ್ದನ್ನಷ್ಟೇ ನಿಮ್ಮ ಮುಂದಿಡುತ್ತೇನೆ.

2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಶಾಲೆಗಳು ಮುಚ್ಚಿದವು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಲೆಕ್ಕ ಹಾಕಿ ನೋಡಿ, ಹತ್ತೊಂಬತ್ತು ತಿಂಗಳು! ಈ ನಡುವೆ ಪ್ರಯತ್ನ ನಡೆಯಲಿಲ್ಲವೆಂದಲ್ಲ. 2020ರ ಜುಲೈನಲ್ಲಿ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಪಾಠಗಳು ಆರಂಭವಾದವು. ಆಗಸ್ಟ್‌ನಲ್ಲಿ 'ವಿದ್ಯಾಗಮ' ಬಂತು. ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಕಟ್ಟೆಯ ಮೇಲೆ, ಮರದ ನೆರಳಲ್ಲಿ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ನಮ್ಮ ಕೈಯಲ್ಲಿ ಉಳಿದದ್ದು ಮೊಬೈಲ್ ಒಂದೇ.

ಆ ಮೊಬೈಲ್ ಮನೆಗೊಂದೇ. ಬೆಳಿಗ್ಗೆ ಅದು ತಂದೆಯ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ರಾತ್ರಿ ಮನೆಗೆ ಬಂದರೆ ಮೊದಲು ಅಣ್ಣನಿಗೆ, ಆಮೇಲೆ ತಂಗಿಗೆ. ಅಣ್ಣ ಎಸ್.ಎಸ್.ಎಲ್.ಸಿ. ಎನ್ನುವುದು ಕಾರಣ. ಅಣ್ಣ ಏಳನೆಯ ತರಗತಿಯಲ್ಲಿದ್ದ ಮನೆಗಳಲ್ಲೂ ಸರದಿ ಹೀಗೆಯೇ ಇತ್ತು. ಪಾಲಕರು ಬೇಸರಪಡಬಾರದು. ಇನ್ನು ದಾಂಡೇಲಿ ಕಡೆಯ ಕಾಡಿನಂಚಿನ ಮನೆಗಳ ಮಕ್ಕಳು ಸಿಗ್ನಲ್ ಹುಡುಕಿಕೊಂಡು ರಸ್ತೆಯವರೆಗೆ ನಡೆದು ಬರುತ್ತಿದ್ದರು.

ಆದರೂ ಪಾಠ ನಡೆಯಿತು. ನಾನು ವಾಟ್ಸಾಪ್‌ನಲ್ಲಿ ಕೆಲಸ ಕೊಡುತ್ತಿದ್ದೆ, ಮಕ್ಕಳು ಬರೆದು ಫೋಟೋ ಕಳಿಸುತ್ತಿದ್ದರು. ಉರ್ದುವಿನ ಬೇ, ಪೇ, ತೇ, ಸೇ ಅಕ್ಷರಗಳ ಆಕಾರ ಒಂದೇ ಎಂಬುದು ನಿಮಗೆ ಗೊತ್ತು. ಕೆಳಗೆ ಒಂದು ನುಕ್ತೆ ಇಟ್ಟರೆ ಬೇ, ಮೂರಾದರೆ ಪೇ. ಮೇಲೆ ಎರಡಾದರೆ ತೇ, ಮೂರಾದರೆ ಸೇ. ಮಂದ ಬಲ್ಬಿನ ಕೆಳಗೆ ತೆಗೆದ ಫೋಟೋದಲ್ಲಿ ಆ ನುಕ್ತೆಗಳೇ ಮಾಯ. ಎಷ್ಟೋ ರಾತ್ರಿ ಚಿತ್ರವನ್ನು ದೊಡ್ಡದು ಮಾಡಿ, ಊಹಿಸಿ ಸರಿ ಹಾಕಿದ್ದೇನೆ.

ಒಬ್ಬ ಹುಡುಗಿಯ ಪುಟಗಳು ಮಾತ್ರ ಸದಾ ಸ್ವಚ್ಛ. ಉರ್ದುವೂ ಅಂದ, ಕನ್ನಡವೂ ಅಂದ. ಪ್ರತಿ ಬಾರಿ 'ಶಾಬಾಶ್' ಎಂದು ಬರೆದೆ. ಶಾಲೆ ತೆರೆದ ವಾರ ಅವಳ ಪಕ್ಕದಲ್ಲಿ ಕುಳಿತು ಬರೆಸಿದಾಗ ಗಾಬರಿಯಾಯಿತು. ಬಲದಿಂದ ಎಡಕ್ಕೆ ಬರೆಯಬೇಕಾದ ಉರ್ದು ಪದವನ್ನು ಅವಳು ಎಡದ ತುದಿಯಿಂದ, ರಂಗೋಲಿಯ ಹಾಗೆ, ಚಿತ್ರ ಬಿಡಿಸುತ್ತಿದ್ದಳು. ಓದು ಎಂದರೆ ತಲೆ ತಗ್ಗಿಸಿದಳು. ಕನ್ನಡದ ಒತ್ತಕ್ಷರಗಳ ಗತಿಯೂ ಅದೇ. ತಿಂಗಳುಗಟ್ಟಲೆ ನಾನು ಪುಟ ನೋಡಿದ್ದೆ, ಬರೆಯುವ ಕೈ ನೋಡಿರಲಿಲ್ಲ. ತಪ್ಪು ಅವಳದಲ್ಲ, ನನ್ನದು. ವಾರಕ್ಕೊಮ್ಮೆ ಕರೆ ಮಾಡಿ ಎರಡು ಸಾಲು ಓದಿಸಿದ್ದರೆ ಗೊತ್ತಾಗುತ್ತಿತ್ತು.

ಮೊಬೈಲನ್ನು ಬೈಯಲು ನಾನು ಬಂದಿಲ್ಲ. ತರಗತಿಯಲ್ಲಿ ಎಂದೂ ಬಾಯಿ ಬಿಡದ ಹುಡುಗನೊಬ್ಬ ಪಾಠ ಓದಿ ಧ್ವನಿ ಸಂದೇಶ ಕಳಿಸುತ್ತಿದ್ದ. ನಗುವವರು ಎದುರಿಗಿಲ್ಲ ಎಂಬ ಧೈರ್ಯ ಅವನಿಗೆ. ಅವನನ್ನು ಕಂಡ ಮೇಲೆ ಇಂದಿಗೂ ಮೌಖಿಕ ಓದಿಗೆ ನಾನು ಮೊಬೈಲ್ ಬಳಸುತ್ತೇನೆ. ಅಕ್ಷರ ತಿದ್ದಿಸಲು ಮಾತ್ರ ಪಕ್ಕದಲ್ಲೇ ಕೂರುತ್ತೇನೆ.

2022-23ರಲ್ಲಿ ಸರ್ಕಾರ 'ಕಲಿಕಾ ಚೇತರಿಕೆ' ನಡೆಸಿ ಬಿಟ್ಟುಹೋದ ಕಲಿಕೆಯನ್ನು ತುಂಬಲು ಯತ್ನಿಸಿತು. ಉಪಯೋಗವಾಯಿತು. ಆದರೂ ಅಕ್ಷರ ಕಲಿಯುವ ವಯಸ್ಸಿನಲ್ಲಿ ಮನೆಯಲ್ಲೇ ಉಳಿದ ಮಕ್ಕಳು ಇಂದು ಮೇಲಿನ ತರಗತಿಗಳಲ್ಲಿದ್ದಾರೆ. ಅವರಲ್ಲಿ ಕೆಲವರು ಈಗಲೂ ಸಮಾಜ ವಿಜ್ಞಾನದ ಉತ್ತರವನ್ನು ಓದದೆ ಚಿತ್ರದಂತೆ ನಕಲು ಮಾಡುತ್ತಾರೆ. ಅಂಕ ಬರುತ್ತದೆ, ಹಾಗಾಗಿ ಮನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ.

ಪಾಲಕರೆ, ಇಂದು ರಾತ್ರಿ ಮಗುವಿನ ಕೈಗೆ ಪಾಠದಲ್ಲಿಲ್ಲದ ಏನಾದರೂ ಕೊಡಿ, ಮದುವೆ ಪತ್ರಿಕೆಯೋ ಹಳೆಯ ದಿನಪತ್ರಿಕೆಯೋ ಆಗಬಹುದು. ಜೋರಾಗಿ ಓದಿಸಿ. ತಡವರಿಸಿದರೆ ಬೈಯದೆ ನಮಗೆ ತಿಳಿಸಿ. ಇಲ್ಲಿ ಕುಳಿತಿರುವ ಕಾಲೇಜು ವಿದ್ಯಾರ್ಥಿಗಳೆ, ಭಾನುವಾರ ಬೆಳಿಗ್ಗೆ ಒಂದು ಗಂಟೆ ಅಂಥ ಮಗುವಿನ ಪಕ್ಕದಲ್ಲಿ ಕೂರಲು ಯಾರು ಸಿದ್ಧರಿದ್ದೀರಿ? ಸಭೆ ಮುಗಿದ ಮೇಲೆ ನನ್ನ ಬಳಿ ಹೆಸರು ಬರೆಸಿ. ಹುಡುಗಿಯರೂ ಬರೆಸಬೇಕು.